ಇರುವ ಮನೆ, ಮಾರುವ ಬೆಲೆ



ಕಳೆದ ಕಾರ್ತಿಕದಲ್ಲಿ ನಾವು ಹುಟ್ಟೂರಾದ ಕತ್ತಲಗೆರೆಗೆ ಹೋಗಿದ್ದೆವು. ಅಡಿಕೆ ಸುಲಿಯುವ ಕಾಲ. ರಾತ್ರಿ ಊಟವಾದ ಮೇಲೆ ನಮ್ಮ ಅಣ್ಣನವರ ಮಗನು ಜಗಲಿಯ ಮೇಲೆ ಮೂರು ಬಣ್ಣಬಣ್ಣದ ಕರಪತ್ರಗಳನ್ನು ಹರಡಿಕೊಂಡು ಕುಳಿತನು. ಅವನ ಮಗಳು ಬರುವ ಜೂನ್ ತಿಂಗಳಿಗೆ ಪಿ.ಯು.ಸಿ. ಸೇರುವವಳು. ದಿನವೂ ಬಸ್ಸಿನಲ್ಲಿ ಹೋಗಿಬರುವುದು ಆಗದ ಮಾತು. ಹಾಸ್ಟೆಲಿಗೆ ಬಿಡಲು ಅವಳ ತಾಯಿಗೆ ಮನಸ್ಸಿಲ್ಲ. ಆದುದರಿಂದ ತೋಟದಲ್ಲಿ ಒಂದು ಎಕರೆಯನ್ನು ಮಾರಿ ದಾವಣಗೆರೆಯ ಹೊರವಲಯದಲ್ಲಿ ನಿವೇಶನ ಕೊಂಡು ಮನೆ ಕಟ್ಟುವುದೆಂದು ಮನೆಯಲ್ಲಿ ಮಾತಾಗಿತ್ತು. "ಚಿಕ್ಕಪ್ಪ, ಇವುಗಳಲ್ಲಿ ನಾಳೆ ಮಾರಬೇಕು ಅಂದರೆ ಕೈಕೊಡದ ಜಾಗ ಯಾವುದು, ನೋಡಿ ಹೇಳಿ" ಎಂದನು.

ಅಣ್ಣನವರಿಗೆ ಈ ಮಾತು ಹಿಡಿಸಲಿಲ್ಲ. "ಇನ್ನೂ ಗುದ್ದಲಿ ಪೂಜೆ ಆಗಿಲ್ಲ, ಆಗಲೇ ಮಾರೋ ಮಾತೇನೋ? ಮನೆ ಅಂದರೆ ಮಂಡಿಗೆ ಹಾಕೋ ಅಡಿಕೆ ಮೂಟೆಯೇ?" ಎಂದು ಗದರಿದರು. ಹಿರಿಯರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಮನೆಯೆಂಬುದು ಸಂಸಾರದ ನೆಲೆ; ಹಬ್ಬ, ಹುಣ್ಣಿಮೆ, ಮದುವೆ, ಬಾಣಂತನಗಳು ನಡೆಯುವ ಜಾಗ. ಅದನ್ನು ಬರಿಯ ಬಂಡವಾಳವೆಂದು ಕಾಣುವುದು ನಮ್ಮ ಹಿರಿಯರಿಗೆ ಒಗ್ಗದ ಮಾತು. ಆದರೆ ಆ ಹುಡುಗನ ಪ್ರಶ್ನೆಯನ್ನು ತಳ್ಳಿಹಾಕಲು ನಮ್ಮಿಂದ ಆಗಲಿಲ್ಲ. ಏಕೆಂದರೆ ಆ ಪ್ರಶ್ನೆಯನ್ನು ಕೇಳದೆ ಹೋದುದರ ಫಲವನ್ನು ನಾವು ಸ್ವತಃ ಉಂಡವರು.

2004ರಲ್ಲಿ ನಾವೂ ಹೀಗೆಯೇ ನಗರದ ಅಂಚಿನಲ್ಲಿ ಒಂದು ನಿವೇಶನ ಕೊಂಡೆವು. ಅದು ಜನರ ಬಾಯಲ್ಲಿ 'ರೆವಿನ್ಯೂ ಸೈಟು' ಎಂದು ಕರೆಯಲ್ಪಡುವಂಥದು: ಹೊಲವನ್ನು ಪರಿವರ್ತನೆ ಮಾಡಿಸದೆ, ನಕ್ಷೆಗೆ ಅನುಮೋದನೆ ಪಡೆಯದೆ, ಸುಣ್ಣದ ಗೆರೆ ಎಳೆದು ಮಾರಿದ ಜಾಗ. ಪಂಚಾಯಿತಿಯ ಪುಸ್ತಕದಲ್ಲಿ ಹೆಸರು ಬರೆಸಿಕೊಂಡು ಕಂದಾಯ ಕಟ್ಟುತ್ತ ಬಂದೆವು. ರಸೀದಿ ಕೈಯಲ್ಲಿದ್ದ ಮೇಲೆ ಇನ್ನೇನು ಭಯವೆಂದು ನಂಬಿದೆವು. ಅದೇ ವರ್ಷ ನಮ್ಮ ಷಡ್ಡಕರು ಅಷ್ಟೇ ಹಣಕ್ಕೆ ಅದರ ಅರ್ಧದಷ್ಟು ಅಳತೆಯ, ಆದರೆ ನಗರಾಭಿವೃದ್ಧಿ ಪ್ರಾಧಿಕಾರದಿಂದ ಅನುಮೋದನೆ ಪಡೆದ ಬಡಾವಣೆಯ ನಿವೇಶನವನ್ನು ಕೊಂಡರು. ಅವರ ಜಾಗ ಚಿಕ್ಕದೆಂದು ನಾವು ಮನಸ್ಸಿನಲ್ಲೇ ನಕ್ಕಿದ್ದೂ ಉಂಟು.

2017ರಲ್ಲಿ ಅಪ್ಪಾಜಿಯವರು ಹಾಸಿಗೆ ಹಿಡಿದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳು. ಹಣ ಬೇಕಾಯಿತು. ಆ ನಿವೇಶನವನ್ನು ಮಾರಲು ಹೊರಟೆವು. ಬಂದವರೆಲ್ಲ ಜಾಗವನ್ನು ಮೆಚ್ಚಿದರು. ಕಾಗದವನ್ನು ಕಂಡು ಹಿಂದಿರುಗಿದರು. ಅವರಲ್ಲಿ ಹೆಚ್ಚಿನವರು ಸಾಲ ತೆಗೆದು ಕೊಳ್ಳುವ ನೌಕರಸ್ಥರು. ಅಂಥ ನಿವೇಶನದ ಮೇಲೆ ಯಾವ ಬ್ಯಾಂಕೂ ಸಾಲ ಕೊಡಲಿಲ್ಲ. ಕೈಯಲ್ಲಿ ನಗದು ಹಿಡಿದವನೊಬ್ಬನು ಬಂದು, ನಮ್ಮ ಅವಸರವನ್ನು ಕಂಡು, ಅಕ್ಕಪಕ್ಕದ ಬೆಲೆಯ ಅರ್ಧಕ್ಕೆ ಕೇಳಿದನು. ಕೊಟ್ಟೆವು. ಸಾಲದಾದುದಕ್ಕೆ ತೋಟವನ್ನು ಅಡವಿಟ್ಟೆವು. ಅಪ್ಪಾಜಿಯವರು ಉಳಿಯಲಿಲ್ಲ, ಅಡವು ಬಿಡಿಸಿಕೊಳ್ಳಲು ನಾಲ್ಕು ಫಸಲು ಬೇಕಾಯಿತು. ಅದೇ ವೇಳೆಗೆ ಷಡ್ಡಕರು ಮಗಳ ಮದುವೆಗೆಂದು ತಮ್ಮ ನಿವೇಶನವನ್ನು ಇಪ್ಪತ್ತು ದಿನದಲ್ಲಿ ಮಾರಿ ಮುಗಿಸಿದ್ದರು.

ಅಂದಿನಿಂದ ನಮಗೆ ಒಂದು ಮಾತು ಮನದಟ್ಟಾಗಿದೆ. ಮನೆಯನ್ನು ಮಾರುವುದು ಯಾರಿಗೂ ಬಯಕೆಯಲ್ಲ. ಆದರೆ ಕಾಯಿಲೆ, ವರ್ಗಾವಣೆ, ಮಕ್ಕಳ ಓದು, ಅಣ್ಣತಮ್ಮಂದಿರ ಪಾಲು ಇವು ಹೇಳಿಕೇಳಿ ಬರುವುದಿಲ್ಲ. ಮಾರಬೇಕಾಗಿ ಬಂದ ದಿನ ಮಾರಲಾಗದ ಮನೆಯು ನೆಲೆಯಾಗಿ ಉಳಿಯುವುದಿಲ್ಲ, ಸಂಕೋಲೆಯಾಗುತ್ತದೆ. ಆದುದರಿಂದ ಊರು ಬಿಟ್ಟು ನಗರದ ಹೊರವಲಯಕ್ಕೆ ಹೋಗಲಿರುವ ನಮ್ಮ ಕುಟುಂಬಗಳಿಗಾಗಿ, ಅಂದು ಜಗಲಿಯ ಮೇಲೆ ಹೇಳಿದ ಮಾತುಗಳನ್ನೇ ಈ ಸಂಚಿಕೆಯಲ್ಲಿ ವಿವರಿಸುತ್ತಿದ್ದೇವೆ.

ಮೊದಲನೆಯದು ಕಾಗದ. ಬಡಾವಣೆಯ ಹೆಬ್ಬಾಗಿಲಿನ ಕಮಾನನ್ನು ನೋಡುವ ಮೊದಲು ಭೂ ಪರಿವರ್ತನೆಯ ಆದೇಶವನ್ನು ನೋಡಬೇಕು. ಕೃಷಿ ಜಮೀನನ್ನು ವಸತಿಗೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ ಈ ಆದೇಶ ಬೇಕು. ಅದಾದ ಮೇಲೆ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ದಾವಣಗೆರೆ ಹಾಗೂ ಹರಿಹರದ ಸುತ್ತ ಈ ಕೆಲಸ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ್ದು. ಆ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗ ನೆಲದ ಮೇಲೆಯೂ ಹಾಗೆಯೇ ಉಳಿದಿದೆಯೇ ಎಂದು ನಡೆದು ನೋಡಬೇಕು. 2016ರ ರೇರಾ ಕಾಯ್ದೆಯಂತೆ 500 ಚದರ ಮೀಟರಿಗಿಂತ ಹೆಚ್ಚು ವಿಸ್ತೀರ್ಣದ ಹೊಸ ಬಡಾವಣೆಗಳು ನೋಂದಣಿಯಾಗಿರಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು ತಾಳೆ ನೋಡಬೇಕು.

ಪಂಚಾಯಿತಿ ವ್ಯಾಪ್ತಿಯ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯೇ, ಇಲ್ಲವೆ 11ಬಿ ಮಾತ್ರವೇ ಎಂದು ಕೇಳಿರಿ. ಅನುಮೋದನೆಯಿಲ್ಲದ ಸ್ವತ್ತುಗಳು 11ಬಿಯಲ್ಲಿ ಸೇರುತ್ತವೆ. ಒಂದಕ್ಷರದ ವ್ಯತ್ಯಾಸವಷ್ಟೇ ಎಂದು ಮಧ್ಯವರ್ತಿ ಹೇಳಿಯಾನು. ಮಾರುವ ದಿನ ಆ ಒಂದಕ್ಷರವೇ ಲಕ್ಷಗಳನ್ನು ನುಂಗುತ್ತದೆ. ನೋಂದಣಿಗೆ ಇ-ಖಾತೆ ಬೇಕೆಂಬ ನಿಯಮವು 2024ರಲ್ಲಿ ಬಿಗಿಯಾದ ಮೇಲಂತೂ ಕಾಗದ ಸರಿಯಿಲ್ಲದ ನಿವೇಶನಗಳಿಗೆ ಗಿರಾಕಿ ಸಿಗುವುದು ಇನ್ನೂ ಕಷ್ಟವಾಗಿದೆ. 'ಮುಂದೆ ಸಕ್ರಮ ಆಗುತ್ತದೆ' ಎಂಬ ಭರವಸೆಯ ಮೇಲೆ ಹಣ ಹಾಕಬಾರದು. ನಗರಗಳ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿದಾಗ, ಅದನ್ನೇ ನಂಬಿದವರ ಪಾಡು ಏನಾಯಿತೆಂಬುದನ್ನು ನಾವು ಹತ್ತಿರದಿಂದ ಬಲ್ಲೆವು.

ಮೂಲ ಜಮೀನು ಯಾರಿಗೆ ಹೇಗೆ ಬಂದುದೆಂದು ತಿಳಿಯುವುದೂ ಅವಶ್ಯ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ, 1978ರ ಪರಭಾರೆ ನಿಷೇಧ ಕಾಯ್ದೆಯಂತೆ ಆ ಕ್ರಯ ಊರ್ಜಿತವಾಗುವುದಿಲ್ಲ. ಅದು ಬಡವರ ಭೂಮಿಯನ್ನು ಉಳಿಸಲು ಬಂದ ಕಾಯ್ದೆ. ಅದನ್ನು ಮೀರಿ ಕೊಂಡ ನೆಲದಲ್ಲಿ ಧರ್ಮವೂ ಇಲ್ಲ, ಬೆಲೆಯೂ ಇಲ್ಲ. ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ತೆಗೆಸಿ, ಮಾರುವವರಿಗೆ ಪರಿಚಯವಿಲ್ಲದ ವಕೀಲರೊಬ್ಬರಿಂದ ಓದಿಸಿರಿ. ವಕೀಲರಿಗೆ ಕೊಡುವ ಹಣ ದಂಡವೆನ್ನುವವರು ನಮ್ಮ ಕಥೆಯನ್ನು ಇನ್ನೊಮ್ಮೆ ಓದಬೇಕು.

ಎರಡನೆಯದು ಕೊಳ್ಳುವ ಖರ್ಚು. ನಿವೇಶನವೊಂದರ ಬೆಲೆಯ ಮೇಲೆ ಶೇ. 5ರಷ್ಟು ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು ಮತ್ತು ಅಧಿಭಾರ, ಜೊತೆಗೆ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ. ಎಲ್ಲ ಕೂಡಿ ಸುಮಾರು ಶೇ. 7.6 ಆಗುತ್ತದೆ. ಅಂದರೆ 40 ಲಕ್ಷದ ಜಾಗಕ್ಕೆ 3 ಲಕ್ಷ ರೂಪಾಯಿಗೂ ಮಿಕ್ಕಿ. ಇದರ ಮೇಲೆ ದಲ್ಲಾಳಿಯ ಪಾಲು ಬೇರೆ. ಎರಡು ವರ್ಷದಲ್ಲಿ ಶೇ. 8 ಏರಿದ ಜಾಗವನ್ನು ಮಾರಿದವನು ಲಾಭ ಮಾಡಿಲ್ಲ. ಹಾಕಿದ್ದನ್ನು ಹಿಂದಕ್ಕೆ ಪಡೆದಿದ್ದಾನೆ, ಅಷ್ಟೇ. ಮಾರಿದ ಮೇಲೆ ಲಾಭದ ತೆರಿಗೆಯೂ ಉಂಟು. ಇಪ್ಪತ್ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡ ಸ್ವತ್ತಿನ ಲಾಭಕ್ಕೆ 2024ರ ಜುಲೈ 23ರಿಂದ ಶೇ. 12.5 ದರವಿದೆ, ಆ ದಿನಕ್ಕಿಂತ ಮೊದಲು ಕೊಂಡವರಿಗೆ ಹಣದುಬ್ಬರದ ಲೆಕ್ಕ ಹಿಡಿದು ಶೇ. 20ರಂತೆ ಕಟ್ಟುವ ಆಯ್ಕೆಯೂ ಇದೆ. ಹಳ್ಳಿಯ ತೋಟ ಮಾರಿದಾಗ ಈ ತೆರಿಗೆಯ ಪರಿಚಯವೇ ಇಲ್ಲದ ನಮ್ಮವರು ನಗರದ ನಿವೇಶನ ಮಾರಿದಾಗ ಬೆಚ್ಚಿಬೀಳುತ್ತಾರೆ. ಮನೆ ಕಟ್ಟಿದ ಖರ್ಚಿನ ರಸೀದಿಗಳನ್ನು ಜೋಪಾನವಾಗಿಡಿರಿ. ಒಟ್ಟಿನಲ್ಲಿ ಐದಾರು ವರ್ಷವಾದರೂ ಇರುವುದಿಲ್ಲವೆಂದಾದರೆ ಕೊಳ್ಳುವುದಕ್ಕಿಂತ ಬಾಡಿಗೆಯೇ ಲೇಸು. ಅಡಿಕೆ ಸಸಿ ನೆಟ್ಟವನು ಮರುವರ್ಷವೇ ಗೊನೆಗೆ ಕತ್ತಿ ಕಟ್ಟುವನೇ?

ಮೂರನೆಯದು ನೀರು. ಭದ್ರಾ ನಾಲೆಯ ಅಚ್ಚುಕಟ್ಟಿನ ನಮಗೆ ಇದನ್ನು ಬೇರೆ ಹೇಳಿಕೊಡಬೇಕಾದುದಿಲ್ಲ. ನಾಲೆಯ ತಲೆಯಲ್ಲಿರುವವನ ಗದ್ದೆಗೂ ಕೊನೆಯಂಚಿನವನ ಗದ್ದೆಗೂ ಎಷ್ಟು ಅಂತರವೆಂಬುದು ನಮ್ಮ ಹಿರಿಯರು ರಾತ್ರಿಯೆಲ್ಲ ನೀರು ಕಾದು ಕಲಿತ ಪಾಠ. ನಗರದ ಕೊಳವೆಯೂ ಒಂದು ನಾಲೆಯೇ. ದಾವಣಗೆರೆಗೆ ತುಂಗಭದ್ರಾ ನದಿಯಿಂದಲೂ, ಭದ್ರಾ ನಾಲೆಯ ನೀರು ತುಂಬುವ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳಿಂದಲೂ ಕುಡಿಯುವ ನೀರು ಬರುತ್ತದೆ. ನೀವು ನೋಡಿದ ಬಡಾವಣೆಗೆ ಆ ಸಂಪರ್ಕ ಇದೆಯೇ, ಇದ್ದರೆ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು, ಕೊಳವೆಬಾವಿಯೊಂದನ್ನೇ ನಂಬಿದ ಬಡಾವಣೆಯಾದರೆ ಏಪ್ರಿಲ್ ತಿಂಗಳಲ್ಲಿ ಅದರ ಗತಿಯೇನು ಎಂದು ಅಲ್ಲಿ ಈಗಾಗಲೇ ವಾಸವಾಗಿರುವ ಗೃಹಿಣಿಯರನ್ನು ಕೇಳಿರಿ. ಗಂಡಸರಿಗಿಂತ ಅವರ ಉತ್ತರ ಖಚಿತವಾಗಿರುತ್ತದೆ. ಹಾಗೆಯೇ ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿರಿ. ಹಳ್ಳದ ದಾರಿಯನ್ನೋ ಕೆರೆಯಂಗಳವನ್ನೋ ಮುಚ್ಚಿ ಮಾಡಿದ ನಿವೇಶನಕ್ಕೆ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬಂದೇ ಬರುತ್ತದೆ. ಅದನ್ನು ಒಮ್ಮೆ ಕಂಡ ಗಿರಾಕಿ ಮತ್ತೆ ಬರುವುದಿಲ್ಲ.

ನಾಲ್ಕನೆಯದು, ನಮ್ಮ ನಂತರ ಆ ಮನೆಗೆ ಯಾರು ಬರುತ್ತಾರೆಂಬ ವಿಚಾರ. ದಾವಣಗೆರೆಯ ಚರಿತ್ರೆಯೇ ಇದಕ್ಕೆ ಪಾಠ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ಊರಿದು. ಗಿರಣಿಗಳು ಒಂದೊಂದಾಗಿ ನಿಂತವು. ಆದರೂ ನಗರ ಕುಸಿಯಲಿಲ್ಲ. ಏಕೆಂದರೆ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಬಂದು, ವಿದ್ಯೆಯೇ ಊರಿನ ಎರಡನೆಯ ಉದ್ಯಮವಾಗಿತ್ತು. 1997ರಲ್ಲಿ ಜಿಲ್ಲಾ ಕೇಂದ್ರವಾಯಿತು. 2009ರಲ್ಲಿ ತೋಳಹುಣಸೆಯ ಬಳಿ ವಿಶ್ವವಿದ್ಯಾನಿಲಯವಾಯಿತು. ವೈದ್ಯರು, ಅಧ್ಯಾಪಕರು, ಸರ್ಕಾರಿ ನೌಕರರು, ವರ್ತಕರು, ಓದಲು ಬಂದ ಮಕ್ಕಳ ತಂದೆತಾಯಿಗಳು ಎಲ್ಲರೂ ಮನೆ ಹುಡುಕುವ ಕಡೆ ಬೆಲೆಗೆ ಆಧಾರವಿರುತ್ತದೆ. ಒಂದೇ ಆಧಾರಸ್ತಂಭದ ಊರಿನ ಸ್ಥಿತಿ ಬೇರೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದಾಗ, ಗಣಿಯ ಸಂಬಳವನ್ನೇ ನಂಬಿದ್ದ ಊರಿಗೆ ಆದ ಗತಿಯನ್ನು ನೆನೆಯಿರಿ.

ನಮ್ಮ ಸೀಮೆಯವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಕಡೆಯವರೆಲ್ಲರೂ ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷವೇ ನಿವೇಶನ ಕೊಳ್ಳಲು ಹೊರಡುತ್ತೇವೆ. ಎಲ್ಲರೂ ಒಟ್ಟಿಗೆ ಕೊಳ್ಳುವಾಗ ಬೆಲೆ ಏರಿರುತ್ತದೆ. ಧಾರಣೆ ಬಿದ್ದು ಕೈ ಬಿಗಿಯಾದಾಗ ಎಲ್ಲರೂ ಒಟ್ಟಿಗೆ ಮಾರಲು ನಿಲ್ಲುತ್ತೇವೆ. ತೋಟದ ಬೆಳೆಯೂ ಅಡಿಕೆ, ನಿವೇಶನದ ನೆರೆಹೊರೆಯವರೆಲ್ಲ ಅಡಿಕೆ ಬೆಳೆಗಾರರು ಎಂದಾದರೆ ಎರಡು ಕಾಲನ್ನೂ ಒಂದೇ ಕೆಸರಿನಲ್ಲಿ ಇಟ್ಟಂತೆ.

ಇದಕ್ಕೆ ಸೇರಿದ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇವೆ. ಅಣ್ಣನ ಮಗನು ತೋರಿಸಿದ ಒಂದು ಬಡಾವಣೆಯ ಹೆಚ್ಚುಗಾರಿಕೆಯೆಂದರೆ ಅಲ್ಲಿ 'ಎಲ್ಲಾ ನಮ್ಮವರೇ' ಎಂಬುದು. ಹೊಸ ಊರಿನಲ್ಲಿ ಬಂಧುಬಳಗದ ಆಸರೆ ಬಯಸುವುದು ತಪ್ಪಲ್ಲ. ಆದರೆ ನಮ್ಮವರು ಮಾತ್ರ ಕೊಳ್ಳುವ ಬೀದಿಯಲ್ಲಿ ಗಿರಾಕಿಗಳ ಸಂಖ್ಯೆಯೂ ಅಷ್ಟಕ್ಕೇ ಸೀಮಿತ. ಬೆಲೆಯ ಮಾತಿಗಿಂತ ದೊಡ್ಡದೊಂದಿದೆ. ಅಂಬಿಗರ ಚೌಡಯ್ಯನವರೂ ಮಡಿವಾಳ ಮಾಚಿದೇವರೂ ಹಡಪದ ಅಪ್ಪಣ್ಣನವರೂ ಒಂದೇ ಮಂಟಪದಲ್ಲಿ ಕುಳಿತಿದ್ದರೆಂದು ಹೆಮ್ಮೆಯಿಂದ ಹೇಳುವ ನಾವು, ಮನೆ ಕಟ್ಟುವಾಗ ಬೀದಿಗೆ ಬೇಲಿ ಹಾಕಿಕೊಳ್ಳುವುದು ಎಷ್ಟು ಸರಿ? ಹಲವು ಕಾಯಕದ ಜನ ಕೂಡಿ ಬಾಳುವ ಬೀದಿಯಲ್ಲಿ ಮಕ್ಕಳೂ ಚೆನ್ನಾಗಿ ಬೆಳೆಯುತ್ತಾರೆ, ಮನೆಯೂ ಬೇಗ ಮಾರಾಟವಾಗುತ್ತದೆ.

ಐದನೆಯದು ಕರಪತ್ರದ ಕನಸುಗಳು. ಒಂದು ಕರಪತ್ರದಲ್ಲಿ ಹೊಸ ರೈಲುಮಾರ್ಗ, ಇನ್ನೊಂದರಲ್ಲಿ ವಿಮಾನ ನಿಲ್ದಾಣ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾದುದು ನಿಜ. ಆದರೆ ನಮ್ಮ ಹುಡುಗಿ ಕಾಲೇಜಿಗೆ ವಿಮಾನದಲ್ಲಿ ಹೋಗುವುದಿಲ್ಲ. ಮುಂದೆ ಬರಲಿರುವುದಕ್ಕೆ ಇಂದೇ ಬೆಲೆ ತೆರುವುದೆಂದರೆ ಏರುವ ಬೆಲೆಯನ್ನು ಮಾರುವವನ ಕೈಗೇ ಒಪ್ಪಿಸಿದಂತೆ. ಇಂದು ಕಣ್ಣಿಗೆ ಕಾಣುವುದನ್ನು ಎಣಿಸಿರಿ: ಬೆಳಗ್ಗೆ ಏಳು ಗಂಟೆಗೆ ಬಸ್ಸು ಇದೆಯೇ, ಕಾಲ್ನಡಿಗೆಯ ದೂರದಲ್ಲಿ ಶಾಲೆ, ಔಷಧಿ ಅಂಗಡಿ, ಹಾಲು ಇವೆಯೇ, ರಾತ್ರಿ ಬೀದಿ ದೀಪ ಉರಿಯುತ್ತದೆಯೇ, ನಿವೇಶನಗಳಲ್ಲಿ ಎಷ್ಟರ ಮೇಲೆ ಮನೆ ಎದ್ದಿದೆ. ಹತ್ತು ವರ್ಷವಾದರೂ ಕಲ್ಲು ನೆಟ್ಟಂತೆಯೇ ಇರುವ ಬಡಾವಣೆಯಲ್ಲಿ ಇರಲು ಬಂದವರಿಗಿಂತ ಬೆಲೆ ಕಾಯುವವರೇ ಹೆಚ್ಚು. ಅಲ್ಲಿ ನೀವು ಮಾರುವ ದಿನ ನೂರು ಜನ ನಿಮ್ಮೊಡನೆ ಮಾರಲು ನಿಂತಿರುತ್ತಾರೆ.

ದಿಕ್ಕಿನ ವಿಚಾರವನ್ನೂ ಹುಡುಗ ಕೇಳಿದನು. ವಾಸ್ತುವಿನಲ್ಲಿ ನಮಗೆ ನಂಬಿಕೆಯಿಲ್ಲ. ಆದರೆ ಕೊಳ್ಳುವವರಲ್ಲಿ ಅನೇಕರು ಪೂರ್ವ, ಉತ್ತರದ ಬಾಗಿಲನ್ನೇ ಕೇಳುವರೆಂಬುದು ಸುಳ್ಳಲ್ಲ. ದಕ್ಷಿಣ ದಿಕ್ಕಿನ ಒಳ್ಳೆಯ ಮನೆ ಕಡಿಮೆ ಬೆಲೆಗೆ ಸಿಕ್ಕರೆ ಧೈರ್ಯವಾಗಿ ಕೊಳ್ಳಿರಿ. ಮಾರುವಾಗ ಅಷ್ಟೇ ಬಿಟ್ಟುಕೊಡಬೇಕಾದೀತೆಂಬುದನ್ನೂ ನೆನಪಿಡಿರಿ.

ಇಷ್ಟೆಲ್ಲ ಆದ ಮೇಲೆ ನಾವು ಕೇಳಿದ ಪ್ರಶ್ನೆಯೊಂದು ಜಗಲಿಯನ್ನು ಮೌನಗೊಳಿಸಿತು. "ತೋಟ ಮಾರುವ ಕಾಗದಕ್ಕೆ ಅಕ್ಕನ ಸಹಿ ಆಗಿದೆಯೇ?" ಎಂದೆವು. ಅಣ್ಣನವರು, "ಅವಳೇನು ಕೇಳೋಳೇ? ಮದುವೆಯಲ್ಲಿ ಎಲ್ಲಾ ಕೊಟ್ಟಾಗಿದೆಯಲ್ಲ" ಎಂದರು. ಅಪ್ಪಾಜಿಯವರಿಗೆ ಅವರ ಹಿರಿಯರಿಂದ ಬಂದ ತೋಟವದು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆಯೆಂದು ಕೇಂದ್ರದ ತಿದ್ದುಪಡಿ 2005ರಲ್ಲಿಯೇ ಹೇಳಿತು. ಮದುವೆಯಾಗಿದ್ದರೂ ಆ ಹಕ್ಕು ಹೋಗುವುದಿಲ್ಲ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸ್ಪಷ್ಟಪಡಿಸಿತು. ಅಕ್ಕನ ಸಹಿಯಿಲ್ಲದೆ ಮಾರಿದ ತೋಟದ ಕ್ರಯ ನಾಳೆ ನ್ಯಾಯಾಲಯದ ಮೆಟ್ಟಿಲೇರಬಹುದು. ಊರಿನ ಪಾಲು ಇತ್ಯರ್ಥವಾಗದೆ ನಗರದಲ್ಲಿ ಕೊಂಡ ಮನೆಯೂ ಅದೇ ವ್ಯಾಜ್ಯದೊಳಗೆ ಸಿಕ್ಕೀತು. ಕಾನೂನಿನ ಮಾತು ಹಾಗಿರಲಿ. ಅಪ್ಪಾಜಿಯವರ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ನೆಲದ ಮೇಲೆ ಮಲಗಿ ಅವರನ್ನು ನೋಡಿಕೊಂಡವಳು ಅವಳೇ ಎಂಬುದನ್ನು ಅಣ್ಣನವರಿಗೆ ನಾವು ನೆನಪಿಸಬೇಕಾಗಿರಲಿಲ್ಲ. ಅವರು ತಲೆ ತಗ್ಗಿಸಿ ಕುಳಿತರು.

ಮರುವಾರ ಮೂವರೂ ಹೊನ್ನಾಳಿ ಕಡೆಯ ಅಕ್ಕನ ಊರಿಗೆ ಹೋದೆವು. ಅಕ್ಕ ರೊಟ್ಟಿ ಬಡಿದು ಹಾಕಿ, ಕಾಗದವನ್ನು ಪೂರ್ತಿ ಓದಿಸಿ ಕೇಳಿ, "ನಂಗೆ ತೋಟ ಬೇಡಪ್ಪ, ಮೊಮ್ಮಗಳ ನರ್ಸಿಂಗ್ ಓದಿಗೆ ನನ್ನ ಪಾಲಿನ ಹಣ ಕೊಡಿ. ಕೇಳೋಕೆ ಬಂದ್ರಲ್ಲ, ಅದೇ ಆಯ್ತು" ಎಂದರು. ಸಹಿ ಹಾಕಿದರು. ಪಾಲನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿದ್ದಾಯಿತು.

ಹಣ ಆ ಮಟ್ಟಿಗೆ ಕಡಿಮೆಯಾಯಿತು. ಮೂರೂ ಕರಪತ್ರಗಳ ದೊಡ್ಡ ನಿವೇಶನಗಳು ಕೈಮೀರಿದವು. ನಮ್ಮ ಹುಡುಗನು ಹದಡಿ ರಸ್ತೆಯ ಕಡೆ ಹಳೆಯ ಅನುಮೋದಿತ ಬಡಾವಣೆಯೊಂದರಲ್ಲಿ ಇಪ್ಪತ್ತು ವರ್ಷದ ಸಣ್ಣ ಮನೆಯೊಂದನ್ನು ಹುಡುಕಿದನು. ಮುಂದೆ ಗಿಲೀಟಿನ ಕಮಾನಿಲ್ಲ. ಆದರೆ ಅಕ್ಕಪಕ್ಕದಲ್ಲಿ ಮೇಷ್ಟ್ರೊಬ್ಬರು, ಟೈಲರ್ ಒಬ್ಬರು, ಬಸ್ ನಿರ್ವಾಹಕರೊಬ್ಬರು ವಾಸವಾಗಿದ್ದಾರೆ. ಊರ ಕಡೆಯ ಬಸ್ಸು ಹಿಡಿಯಲು ನಗರ ದಾಟಬೇಕಾಗಿಲ್ಲ; ಬೆಳಗಿನ ಬಸ್ಸಿಗೆ ಹೊರಟು ತೋಟದ ಕೆಲಸ ನೋಡಿ ಸಂಜೆಗೆ ಮರಳಬಹುದು. ಬ್ಯಾಂಕಿನವರು ಕಾಗದ ನೋಡಿ ಒಂದೇ ವಾರದಲ್ಲಿ ಸಾಲಕ್ಕೆ ಒಪ್ಪಿದರು. ಬ್ಯಾಂಕು ನಮಗೆ ಸಾಲ ಕೊಡುವ ಮನೆಗೆ ನಾಳೆ ನಮ್ಮಿಂದ ಕೊಳ್ಳುವವರಿಗೂ ಸಾಲ ಸಿಗುತ್ತದೆ. ಮರುಮಾರಾಟದ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಸೂತ್ರವನ್ನು ನಾವು ಕಾಣೆವು.

ಯುಗಾದಿಯ ಮೊದಲ ವಾರ ಅಣ್ಣನವರು ಮನೆ ನೋಡಲು ಬಂದರು. 'ಮಾರುವುದು' ಎಂಬ ಮಾತು ಇಂದಿಗೂ ಅವರಿಗೆ ಸೇರದು. ಆದರೆ ಒಳಗೆ ಬಂದವರು ದೇವರ ಮನೆಗೂ ಹೋಗದೆ ನೇರವಾಗಿ ಹಿತ್ತಲಿಗೆ ನಡೆದು, ನಲ್ಲಿ ತಿರುಗಿಸಿ ನೀರು ನೋಡಿದರು. ಆಮೇಲೆ ಕೈಕಾಲು ತೊಳೆದುಕೊಂಡು ಒಳಗೆ ಬಂದು, "ಇರಲಿ, ಜಾಗ ಚೆನ್ನಾಗಿದೆ" ಎಂದರು.

ಮುಂದಿನ ಸಂಚಿಕೆಯಲ್ಲಿ ಹಳೆಯ ಮನೆ ಕೊಳ್ಳುವಾಗ ಗೋಡೆ, ಮಾಳಿಗೆ, ವಿದ್ಯುತ್ ತಂತಿಗಳನ್ನು ಪರೀಕ್ಷಿಸುವ ಬಗೆಯನ್ನು ನಿಮ್ಮ ಮುಂದಿಡುತ್ತೇವೆ. ಅಲ್ಲಿಯವರೆಗೆ, ಶರಣು ಶರಣಾರ್ಥಿ.